ಬಾಲಿ ಕಂಡಿತು, ಕಡಕೋಳ ಕಾಣಲಿಲ್ಲ

‘ಯಾರಿಗೂ ಗೊತ್ತಿಲ್ಲದ ಕುಣಿತ ಕಂಡುಹಿಡಿದೆ!’ ಅನ್ನೋ ರೀಲ್ ಒಂದು ಈ ವಾರ ನಮ್ಮ ಕ್ಲಾಸ್ ಗ್ರೂಪಿನಾಗ ಓಡಾಡ್ತು. ನಾನೂ ನಾಕು ಮಂದಿಗೆ ಕಳಿಸಿದೆ. ಒಬ್ಬನೇ ಬಾಲಿಗೆ ಹೋದ ಕನ್ನಡದ ಹುಡುಗ, ಉಲುವಾಟು ಗುಡಿ, ಮುಳುಗೋ ಸೂರ್ಯ, ಸುತ್ತ ಕುಂತು ‘ಚಕ್ ಚಕ್’ ಅನ್ನೋ ಗಂಡಸರು. ಅದರ ಹೆಸರು ಕೆಚಕ್.

ಕಂಡುಹಿಡಿಯಲಿಕ್ಕೆ ಅದೇನು ಕಳೆದುಹೋಗಿತ್ತಾ? ಸಂಜೆ ಆದ್ರ ಟಿಕೆಟ್ ಇಟ್ಟು ಆಡೋ ಆಟ ಅದು. ‘ಸಾವಿರಾರು ವರ್ಷದ ಪೂಜೆ’ ಅಂದದ್ದೂ ತಪ್ಪು. ಸಂಘ್ಯಾಂಗ್ ಅನ್ನೋ ಹಳೆಯ ಆಚರಣೆಯ ಹಿಮ್ಮೇಳ ತಗೊಂಡು, ರಾಮಾಯಣದ ಕಥೆ ಕೂಡಿಸಿ, ಪ್ರವಾಸಿಗರಿಗಾಗಿ ಈ ರೂಪ ಕೊಟ್ಟಿದ್ದು 1930ರ ದಶಕದಾಗ. ಬಾಲಿಯ ಕುಣಿತಗಾರ ವಾಯನ್ ಲಿಂಬಾಕ್, ಅಲ್ಲೇ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅದರ ಹಿಂದಿದ್ದರು. ಇದರಿಂದ ಕೆಚಕ್ ಸಣ್ಣದಾಗಲ್ಲ. ಆದರ ಕುಣಿಯೋರನ್ನ ಒಂದು ಮಾತು ಕೇಳಿದ್ರ ಗೊತ್ತಾಗ್ತಿತ್ತು. ಕೇಳಲಿಲ್ಲ. ರೀಲಿನಾಗ ಕುಣಿಯೋರ ಒಂದು ಹೆಸರೂ ಇಲ್ಲ, ತನ್ನ ಮುಖ ಮಾತ್ರ ಏಳು ಸಲ ಅದ.

‘ತಿರುಗಾಡಲಿಕ್ಕೆ ಹೋದವರು ಅಷ್ಟೇ ಮಾಡೋದು’ ಅಂತೀರಿ? ಹಂಗೇನಿಲ್ಲ. ಅಮೆರಿಕದ ಮಾರ್ಥಾ ಆಷ್ಟನ್ ಅನ್ನೋ ಹೆಣ್ಣುಮಗಳು ಉಡುಪಿಗೆ ಬಂದು, ಹಿರಿಯಡಕ ಗೋಪಾಲರಾಯರ ಹತ್ರ ಯಕ್ಷಗಾನ ಕಲಿತು, ಗೆಜ್ಜೆ ಕಟ್ಟಿ ಕುಣಿದರು. 1977ರಲ್ಲಿ ಬ್ರೂಸ್ ಕ್ರಿಸ್ಟಿ ಜೊತೆ ಅದರ ಮೇಲೆ ಪುಸ್ತಕವನ್ನೂ ತಂದರು. ಪರದೇಶದ ಕಲೆ ಕಾಣೋದು ಅಂದ್ರ ಅದು. ಗುರುವಿನ ಮುಂದ ಕೂಡಬೇಕು, ತಪ್ಪಿ ಬೈಸಿಕೊಳ್ಳಬೇಕು.

ಈಗ ನಮ್ಮ ಕಡೆ ನೋಡ್ರಿ. ತತ್ವಪದದ ಕಡಕೋಳ ಮಡಿವಾಳಪ್ಪನವರ ಊರು ನಮ್ಮ ಜೇವರ್ಗಿ ತಾಲ್ಲೂಕಿನಾಗೇ ಇತ್ತು, ಈಗ ಯಡ್ರಾಮಿಗೆ ಸೇರ್ಯದ. ಅವರ ಶಿಷ್ಯರೊಳಗ ಚನ್ನೂರ ಜಲಾಲಸಾಹೇಬರೂ ಒಬ್ಬರು. ಆ ಪದಗಳನ್ನ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡೋರು ಇನ್ನೂ ಅದಾರ. ಮೊಹರಂ ಬಂದ್ರ ಅಲಾಯಿ ಕುಣಿ ಸುತ್ತ ಹಿಂದೂ ಮುಸ್ಲಿಂ ಕೂಡೇ ಹೆಜ್ಜಿ ಹಾಕ್ತಾರ, ರಿವಾಯತ ಪದ ಹಾಡ್ತಾರ. ಇದಕ್ಕ ವೀಸಾ ಬೇಕಿಲ್ಲ, ಬಸ್ ಚಾರ್ಜ್ ಸಾಕು.

ಬೈಯೋದು ಸುಲಭ. ನನ್ನ ಲೆಕ್ಕಾನೂ ಕೇಳ್ರಿ. ನಮ್ಮ ಮುತ್ಯಾ ರಿವಾಯತ ಮೇಳದಾಗ ಹಾಡ್ತಾನ. 20 ವರ್ಷ ಒಂದೇ ಮನ್ಯಾಗ ಇದ್ದೀನಿ, ಒಂದು ಪದ ಪೂರಾ ಬರಲ್ಲ. ಹೋದ ಮೊಹರಂಗೆ ಮೇಳದ ಮಗ್ಗಲಿಗೇ ಡಿಜೆ ತರಿಸಿದ್ವಿ. ಪಟ್ಟಿ ಎತ್ತಿದವರೊಳಗ ನಾನೂ ಒಬ್ಬ. ಬಿಕಾಂ ಓದ್ತಾನ ಅಂತ ಲೆಕ್ಕ ಬರೆಯೋ ಕೆಲಸಾನೂ ನನಗೇ ಕೊಟ್ಟರು: ಡಿಜೆಗೆ 18,000 ರೂಪಾಯಿ, ಮೇಳಕ್ಕ ಚಾ, ಮಿರ್ಚಿ ಭಜಿ. ಮುತ್ಯಾ ನಾಕು ಸಾಲು ಹಾಡಿದ, ಆ ಸದ್ದಿನಾಗ ಯಾರಿಗೂ ಕೇಳಲಿಲ್ಲ, ಟವಲ್ ಕೊಡವಿ ಎದ್ದು ಮನಿಗೆ ಬಂದ. ಬಾಲಿಯವರು ತಮ್ಮ ಕುಣಿತಕ್ಕ ಟಿಕೆಟ್ ಇಟ್ಟರು. ನಾವು ನಮ್ಮ ಹಾಡು ಮುಚ್ಚಿಸಲಿಕ್ಕೆ ರೊಕ್ಕ ಕೊಟ್ವಿ.

ಪರದೇಶಕ್ಕ ಹೋಗಬ್ಯಾಡ್ರಿ ಅಂತ ಹೇಳ್ತಿಲ್ಲ. ನನಗೂ ಹೋಗೋ ಆಸೆ ಅದ. ಆದರ ಫೋನ್ ತೆಗೆಯೋ ಮೊದಲು ಮೂರು ಮಾತು ಕೇಳ್ರಿ: ನಿಮ್ಮ ಹೆಸರೇನು? ಯಾರ ಹತ್ರ ಕಲಿತ್ರಿ? ಈ ರೊಕ್ಕ ಯಾರಿಗೆ ಹೋಗ್ತದ? ಈ ಮೂರನ್ನೂ ಮೊದಲು ನಿಮ್ಮ ಓಣಿಯಾಗೇ ಕೇಳಿ ನೋಡ್ರಿ.

ಈ ಸಲ ಡಿಜೆ ಪಟ್ಟಿಗೆ ನಾನು ಬರಲ್ಲ, ಗೆಳೆಯರಿಗೆ ಹೇಳಿದೀನಿ, ಸಿಟ್ಟಾಗ್ಯಾರ. ಮುತ್ಯಾ ಒಂದು ಪದ ಕಲಿಸ್ತೀನಿ ಅಂದಾನ. ವಿಡಿಯೋ ಮಾಡಲಾ ಅಂದೆ. ‘ಮೊದಲು ಬಾಯಿಗೆ ಬರಲಿ’ ಅಂದ.

ನಿಮ್ಮೂರಾಗ ರಿವಾಯತ ಮೇಳ ಇನ್ನೂ ನಡೀತದಾ? ಊರ ಹೆಸರು ಬರೀರಿ.

#ಜೇವರ್ಗಿ #ರಿವಾಯತ #ತತ್ವಪದ #ಮೊಹರಂ