ಹುಳಿಗೆ ಬೆಳಗುವ ಪಾತ್ರೆ

ತಲ್ಲೂರಿನ ಸಹೋದರಿಯೊಬ್ಬರ ಪತ್ರ ಬಂದಿದೆ. ಹೊಸದಾಗಿ ಬಂದ ಸೊಸೆ, ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಗುಜರಿಗೆ ಹಾಕಿ ಸ್ಟೀಲ್ ತರೋಣ, ಇವುಗಳಿಂದ ಮರೆವಿನ ಕಾಯಿಲೆ ಬರುತ್ತದಂತೆ ಎಂದಳಂತೆ. ಅತ್ತೆಗೆ ಬೇಸರವಾಯಿತು. “ಮೂವತ್ತು ವರ್ಷ ಇದರಲ್ಲೇ ಗಂಜಿ ಬೇಯಿಸಿದ್ದೇನೆ. ನಿನ್ನ ಗಂಡನಿಗೆ ಎಂತ ಆಯ್ತ್?” ಎಂದು ಕೇಳಿದರು. ಯಾರು ಸರಿ ಎಂದು ಪತ್ರದಲ್ಲಿ ಕೇಳಿದ್ದಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸರಿ ಇದೆ, ಸ್ವಲ್ಪ ತಪ್ಪಿದೆ.

ಕುಂದಾಪುರ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಮನೆಗಳಲ್ಲಿ ಮಣ್ಣು, ತಾಮ್ರ, ಹಿತ್ತಾಳೆಯ ಪಾತ್ರೆಗಳಿದ್ದವು. 19ನೇ ಶತಮಾನದ ಕೊನೆಗೆ ಮದ್ರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರೂ ಇವರೇ. ಕಲಾಯಿ ಬೇಡದ ಹಗುರ ಪಾತ್ರೆ ಜನರಿಗೆ ಹಿಡಿಸಿತು. ಸ್ಟೇನ್‌ಲೆಸ್ ಸ್ಟೀಲ್ ಬಂದದ್ದು ತಡವಾಗಿ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಅದನ್ನು ತಯಾರಿಸಿದರು.

ಈ ಎರಡರ ಗುಣಗಳು ಬೇರೆ ಬೇರೆ. ಒಂದೇ ಅಳತೆಯ, ಒಂದೇ ದಪ್ಪದ ಎರಡು ಪಾತ್ರೆಗಳಲ್ಲಿ ಅಲ್ಯೂಮಿನಿಯಂನದು ಸ್ಟೀಲಿನ ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ. ಶಾಖವನ್ನು ಅದು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ಮದುವೆಯ ಬಿರಿಯಾನಿಗೆ ಅಲ್ಯೂಮಿನಿಯಂ ಡೇಗು ತರುವುದು ಇದಕ್ಕೇ. ತೆಳು ಸ್ಟೀಲ್ ಪಾತ್ರೆಯಲ್ಲಿ ಬೆಂಕಿ ತಾಗಿದಲ್ಲಿ ಮಾತ್ರ ಕಾದು ತಳ ಹಿಡಿಯುತ್ತದೆ. ಆದರೆ ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ, ಸ್ಟೀಲ್ ಕರಗಲು 1,400 ಡಿಗ್ರಿಯ ಆಸುಪಾಸು ಬೇಕು. ಅಲ್ಯೂಮಿನಿಯಂ ಮೃದು, ಬೇಗ ನೆಗ್ಗುತ್ತದೆ. ಗಟ್ಟಿಯಾಗಲೆಂದು ಅದಕ್ಕೆ ಮ್ಯಾಂಗನೀಸ್, ಮೆಗ್ನೀಸಿಯಂ ಮುಂತಾದುವನ್ನು ಬೆರೆಸುತ್ತಾರೆ. ಹಿಂಡಾಲಿಯಂ ಎಂದು ಮಾರುವುದು ಇಂಥ ಮಿಶ್ರಲೋಹವನ್ನೇ.

ಅಡುಗೆಗೆ ಮುಖ್ಯವಾದದ್ದು ಲೋಹದ ಮೇಲಿರುವ ಕಣ್ಣಿಗೆ ಕಾಣದ ಪದರ. ಎರಡಕ್ಕೂ ಇಂಥ ಪದರವಿದೆ. ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ಪದರ ಕಟ್ಟುತ್ತದೆ. ಗೀರು ಬಿದ್ದರೂ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹುಳಿಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ಅಲ್ಯೂಮಿನಿಯಂನ ಪದರವನ್ನು ಹುಳಿಯೂ ಕರಗಿಸುತ್ತದೆ, ಬೂದಿ ಮತ್ತು ಸೋಡಾದ ಕ್ಷಾರವೂ ಕರಗಿಸುತ್ತದೆ. ಕಪ್ಪಾದ ಪಾತ್ರೆಯಲ್ಲಿ ಹುಣಸೆನೀರು ಕುದಿಸಿದರೆ ಬೆಳ್ಳಿಯಂತೆ ಹೊಳೆಯುವುದನ್ನು ನೀವು ನೋಡಿದ್ದೀರಿ. ಹಾಗೆ ಕರಗಿದ ಪದರ ಆ ನೀರಿಗೇ ಸೇರಿರುತ್ತದೆ. ಮೀನು ಸಾರು ಮಾಡಿ ಅದೇ ಪಾತ್ರೆಯಲ್ಲಿ ಮರುದಿನಕ್ಕೆ ಇಟ್ಟರೂ ಹೀಗೆಯೇ ಆಗುತ್ತದೆ.

ಹಾಗಾದರೆ ಮರೆವಿನ ಕಾಯಿಲೆ? ಅಲ್ಯೂಮಿನಿಯಂ ಪಾತ್ರೆಯಿಂದ ಅಲ್‌ಝೈಮರ್ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಹೊಟ್ಟೆಗೆ ಹೋದ ಅಲ್ಯೂಮಿನಿಯಂನಲ್ಲಿ ಬಹುಪಾಲು ಮಲದೊಂದಿಗೆ ಹೊರಹೋಗುತ್ತದೆ. ರಕ್ತ ಸೇರಿದ ಅಲ್ಪಭಾಗವನ್ನು ಮೂತ್ರಪಿಂಡ ಹೊರಹಾಕುತ್ತದೆ. ಆದ್ದರಿಂದಲೇ ಮೂತ್ರಪಿಂಡದ ಕಾಯಿಲೆಯವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಇದು ನಿಜವಾದ ಅಪಾಯ. ಅಂಥವರ ಅಡುಗೆಗೆ ಸ್ಟೀಲನ್ನೇ ಬಳಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯೂ ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂನಲ್ಲಿ ಇಡುವುದು ಸುರಕ್ಷಿತವಲ್ಲ ಎಂದಿದೆ.

ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಪಾತ್ರೆಗಳಿಗೆ. ಅವುಗಳಲ್ಲಿ ಸೀಸ ಸೇರಿರಬಹುದು. ಸೀಸ ಮಕ್ಕಳ ಮೆದುಳಿಗೆ ವಿಷ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆಮದಾದ ಕೆಲವು ಪಾತ್ರೆಗಳಿಂದ ಸೀಸ ಆಹಾರಕ್ಕೆ ಸೇರಬಹುದೆಂದು ಎಚ್ಚರಿಸಿತು. ಹಿಂಡಾಲಿಯಂನಂಥ ಮಿಶ್ರಲೋಹಗಳ ಹೆಸರೂ ಅದರಲ್ಲಿತ್ತು. ಹೊಸ ಪಾತ್ರೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಸ್ಟೀಲ್ ಪಾತ್ರೆಯ ಮಾನದಂಡ ಐಎಸ್ 14756, ಅಲ್ಯೂಮಿನಿಯಂನದು ಐಎಸ್ 1660. ತಂದೆತಾಯಿ ಕಷ್ಟಪಟ್ಟು ಕೂಡಿಟ್ಟ ಹಣದಲ್ಲಿ ಮಗಳಿಗೆ ಪಾತ್ರೆ ಕೊಳ್ಳುವಾಗ ಹೊಳಪಿಗಿಂತ ಈ ಗುರುತು ಮುಖ್ಯ.

ಸೊಸೆ ತಿಳಿದಂತೆ ಸ್ಟೀಲಿಗೆ ಏನೂ ಆಗುವುದಿಲ್ಲ ಎಂದೂ ಅಲ್ಲ. ಅದರ ಶತ್ರು ಉಪ್ಪು. ಹೊಳೆ, ಕಡಲು ಎರಡೂ ಹತ್ತಿರವಿರುವ ನಮ್ಮ ಕಡೆ ಇದನ್ನು ಮರೆಯಬಾರದು. ಉಪ್ಪುನೀರು ನಿಂತಲ್ಲಿ ಸ್ಟೀಲಿನಲ್ಲಿ ಸೂಜಿಮೊನೆಯಂಥ ಚುಕ್ಕೆಗಳು ಬಿದ್ದು ತೂತಾಗುವುದುಂಟು. ತಣ್ಣೀರಿಗೆ ಉಪ್ಪು ಸುರಿದಿಡಬೇಡಿ, ಕುದಿ ಬಂದ ಮೇಲೆ ಹಾಕಿ ಕಲಕಿ. ಉಪ್ಪು ಹಾಕಿದ ಮೀನು, ಉಪ್ಪಿನಕಾಯಿಗೆ ಭರಣಿಯೇ ಲೇಸು. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ನಿಕ್ಕಲ್ ಕಡಿಮೆ ಇರುವ ಅಗ್ಗದ ಸ್ಟೀಲಿಗೂ ಅದು ಅಂಟದಿರಬಹುದು.

ಸಹೋದರಿ, ದೇಹ ಅಲ್ಲಾಹನು ಕೊಟ್ಟ ಅಮಾನತ್ತು, ಅದನ್ನು ಕಾಪಾಡಬೇಕೆಂಬ ಸೊಸೆಯ ಕಾಳಜಿ ಒಳ್ಳೆಯದು. ಬಳಕೆಗೆ ಬರುವುದನ್ನು ಎಸೆಯುವುದು ಇಸ್ರಾಫ್, ದುಂದು ಎಂಬ ನಿಮ್ಮ ಮಾತೂ ಒಳ್ಳೆಯದು. ಗಂಜಿಗೆ, ನೀರು ಕಾಯಿಸಲು, ಇಡ್ಲಿ ಬೇಯಿಸಲು ನಿಮ್ಮ ಗಟ್ಟಿ ಅಲ್ಯೂಮಿನಿಯಂ ಪಾತ್ರೆಗಳು ಇರಲಿ. ಬೂದಿ, ಸೋಡಾ ಹಾಕಿ ಉಜ್ಜಬೇಡಿ. ಒಳಮೈ ತೂತುತೂತಾಗಿ ಸವೆದವನ್ನೂ ಎಲ್ಲಿಯದೆಂದು ಗೊತ್ತಿಲ್ಲದ ಎರಕದವನ್ನೂ ತೆಗೆದುಬಿಡಿ. ಮೀನು ಸಾರು, ಟೊಮೆಟೊ, ಮೊಸರಿನ ಅಡುಗೆಗೆ ಒಂದೆರಡು ದಪ್ಪ ತಳದ ಸ್ಟೀಲ್ ಪಾತ್ರೆ ಕೊಂಡರೆ ಸಾಕು. ಅಂಥ ಕೆಲವು ಪಾತ್ರೆಗಳ ತಳದಲ್ಲಿ ಸ್ಟೀಲಿನ ಎರಡು ಹಾಳೆಗಳ ನಡುವೆ ಅಲ್ಯೂಮಿನಿಯಂ ಇಟ್ಟಿರುತ್ತಾರೆ. ಶಾಖ ಹರಡುವ ಕೆಲಸ ಅದು ಮಾಡುತ್ತದೆ, ಹುಳಿ ತಡೆಯುವ ಕೆಲಸ ಸ್ಟೀಲ್ ಮಾಡುತ್ತದೆ. ಪಾತ್ರೆ ಅಂಗಡಿಗೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಹೋಗಿ ಬನ್ನಿ.