ರದ್ದಿಗೆ ಹೋದ ಗೆರೆಗಳು

ಸಾಹಿತ್ಯ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕ್ಕೇನು ಕೆಲಸ ಎಂದು ನಮ್ಮ ಸಹಪತ್ರಿಕೆಯೊಂದು ಕಳೆದ ತಿಂಗಳು ಕೇಳಿದೆ. ಬಾಣ ಯಾರತ್ತ ಎಂಬುದು ಓದುಗರಿಗೆ ಗೊತ್ತೇ ಇದೆ. ಕಾರ್ಟೂನು ಬೆಳಗಿನ ಕಾಫಿಯ ಜೊತೆಗೇ ಮುಗಿದುಹೋಗುವ ಸರಕು, ಮ್ಯೂಸಿಯಂ ಕಟ್ಟಿ ಕಾಪಾಡುವಂಥದ್ದೇನಲ್ಲ ಎಂಬುದು ಅವರ ವಾದದ ತಿರುಳು. ಈ ಸಂಚಿಕೆ ಗೆರೆಯ ಕಲೆಗೆ ಮೀಸಲು. ಮ್ಯೂಸಿಯಮ್ಮಿನ ಮಾತಿಗೆ ಇಲ್ಲಿ ಉತ್ತರ ಕೊಡಬೇಕಾಗಿದೆ.

ಸ್ವೀಡನ್ನಿನ ನೋರ್‌ಶೋಪಿಂಗ್ ಊರಲ್ಲಿ ಹೊಳೆಯ ನಡುಗಡ್ಡೆಯ ಮೇಲೆ 1917ರಲ್ಲಿ ಕಟ್ಟಿದ ನೆಯ್ಗೆಯ ಗಿರಣಿಯಿದೆ. ಅದರ ಆಕಾರ ನೋಡಿ ಜನ ಅದನ್ನು ಇಸ್ತ್ರಿಪೆಟ್ಟಿಗೆ ಎಂದೇ ಕರೆಯುತ್ತಾರೆ. ಗಿರಣಿ ನಿಂತುಹೋಗಿ ವರ್ಷಗಳಾದ ಮೇಲೆ, 1991ರಲ್ಲಿ, ಅಲ್ಲಿ ದುಡಿಮೆಯ ಮ್ಯೂಸಿಯಂ ತೆರೆಯಿತು. ಅದೇ ಕಟ್ಟಡದಲ್ಲಿ 35 ವರ್ಷ ದುಡಿದ ಆಲ್ವಾ ಎಂಬ ಹೆಣ್ಣುಮಗಳ ಬದುಕು ಅಲ್ಲಿನ ಒಂದು ಪ್ರದರ್ಶನ. ಅದೇ ಸೂರಿನಡಿ 2009ರಿಂದ ಇ.ಡಬ್ಲ್ಯು.ಕೆ. ಮ್ಯೂಸಿಯಮ್ಮೂ ಇದೆ. ಎವರ್ಟ್ ಕಾರ್ಲ್‌ಸನ್ (1918–2004) ಎಂಬ ರಾಜಕೀಯ ವ್ಯಂಗ್ಯಚಿತ್ರಕಾರರ ಸಹಿ ಅದು. ಮಗ್ಗದವಳ ದುಡಿಮೆ, ಕುಂಚದವನ ದುಡಿಮೆ ಎರಡನ್ನೂ ಒಂದೇ ಚಾವಣಿಯ ಕೆಳಗೆ ತಂದವರಿಗೆ ಕಾರ್ಟೂನು ಅಂದರೆ ಏನೆಂದು ಅರ್ಥವಾಗಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. 1897ರಲ್ಲಿ 'ಸ್ಟ್ರಿಕ್ಸ್' ಎಂಬ ನಗೆಪತ್ರಿಕೆ ಶುರುಮಾಡಿದ ಆಲ್ಬರ್ಟ್ ಎಂಗ್‌ಸ್ಟ್ರೋಮ್ 1922ರಲ್ಲಿ ಸ್ವೀಡಿಷ್ ಅಕಾಡೆಮಿಯ ಸದಸ್ಯರಾದರು. ಸಾಹಿತ್ಯದ ನೊಬೆಲ್ ಯಾರಿಗೆ ಎಂದು ತೀರ್ಮಾನಿಸುವ ಅಕಾಡೆಮಿ ಅದೇ. ಅವರು ಕಥೆಗಾರರೂ ಹೌದು. ಆದರೆ ಕೊಲಿಂಗನ್ ಎಂಬ ಅಲೆಮಾರಿಯನ್ನು ಬರೆದ ಗೆರೆ ಆ ಕುರ್ಚಿಗೆ ಅಡ್ಡಿಯಾಗಲಿಲ್ಲ. ನಮ್ಮ ಸಹಪತ್ರಿಕೆಯವರು ಇದನ್ನು ಒಮ್ಮೆ ಯೋಚಿಸಬೇಕು.

ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. 2012ರಲ್ಲಿ ಸ್ಟಾಕ್‌ಹೋಮ್‌ನ ಕುಲ್ಟೂರ್‌ಹುಸೆಟ್‌ನ ಮಕ್ಕಳ ಗ್ರಂಥಾಲಯದಲ್ಲಿ ಟಿನ್‌ಟಿನ್ ಪುಸ್ತಕಗಳನ್ನು ಜನಾಂಗೀಯ ಚಿತ್ರಣದ ಕಾರಣಕ್ಕೆ ತೆಗೆದಿಟ್ಟರು. ದೇಶವೆಲ್ಲ ಗದ್ದಲವಾಗಿ, ಬೆನ್ನಿಗೇ ಆ ತೀರ್ಮಾನ ಹಿಂದಕ್ಕೆ ಹೋಯಿತು. ಪುಸ್ತಕ ತೆಗೆದದ್ದು ತಪ್ಪೇ. ಆದರೆ ಅಷ್ಟು ಜಗಳವಾಡಲಿಕ್ಕೆ ಕಾಮಿಕ್ಸು ಮೊದಲು ಗ್ರಂಥಾಲಯದ ಕಪಾಟಿನಲ್ಲಿ ಇರಬೇಕಲ್ಲ!

ಈಗ ಮೈಸೂರಿಗೆ ಬರೋಣ. ಅಣ್ಣ ಆರ್.ಕೆ. ನಾರಾಯಣ್ ಬಾಳಿದ ಯಾದವಗಿರಿಯ ಮನೆ 2016ರಲ್ಲಿ ಮ್ಯೂಸಿಯಂ ಆಯಿತು. ಬಹಳ ಒಳ್ಳೆಯ ಕೆಲಸ. ತಮ್ಮ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು ಅದೇ ಮೈಸೂರಲ್ಲಿ, 1921ರಲ್ಲಿ. ಓದಿದ್ದು ಮಹಾರಾಜಾ ಕಾಲೇಜಿನಲ್ಲಿ. ರಾಶಿಯವರು 1942ರಲ್ಲಿ ಶುರುಮಾಡಿದ ನಗೆಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದು ಕೈ ಪಳಗಿಸಿಕೊಂಡರು. ಅವರ ಹೆಸರಿನ ಮ್ಯೂಸಿಯಂ 2022ರಲ್ಲಿ ತೆರೆದದ್ದು ಪುಣೆಯಲ್ಲಿ. ಪುಣೆಯವರನ್ನು ದೂರಲಾರೆವು. ಕೊನೆಯ ದಿನಗಳಲ್ಲಿ ಅವರು ಬಾಳಿದ ಊರು ಅದು, ತನ್ನ ಕರ್ತವ್ಯ ಮಾಡಿದೆ. ನಾವು ಮಾಡಿಲ್ಲ. ಮಾಲ್ಗುಡಿಗೆ ಮಾತು ಕೊಟ್ಟವರಿಗೆ ಮನೆ ಸಿಕ್ಕಿತು, ಅದಕ್ಕೆ ಮುಖ ಕೊಟ್ಟವರಿಗೆ ಸಿಗಲಿಲ್ಲ. ಬರೆದದ್ದು ದೊಡ್ಡದು, ಗೀಚಿದ್ದು ಸಣ್ಣದು ಎಂಬ ನಮ್ಮ ವಿದ್ವತ್ತಿನ ಹಳೆಯ ರೋಗ ಇದು.

ಕಾಮಿಕ್ಸಿನ ಕಥೆಯೂ ಬೇರೆಯಲ್ಲ. ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲೇ ಬಂದವು; ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ತಂದವು, ವಿದೇಶಿ ಮಕ್ಕಳ ಕಥೆಗಳು. ಇಂಗ್ಲಿಷಿನ 'ಕೃಷ್ಣ'ನಿಗೆ 11ನೇ ಸಂಖ್ಯೆ ಬಿದ್ದದ್ದು ಅದಕ್ಕೇ. ಆ ಮೊದಲ ಹತ್ತನ್ನು ಇವತ್ತು ಎಷ್ಟು ಗ್ರಂಥಾಲಯಗಳು ತೋರಿಸಬಲ್ಲವು?

ಬೆಂಗಳೂರಿನ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಮತ್ತು ಅದರ ಬೆನ್ನಿಗಿರುವ ವಿ.ಜಿ. ನರೇಂದ್ರ ಅವರಿಗೆ ನಾಡು ಋಣಿ. ಆದರೆ ಪ್ರದರ್ಶನ ಬೇರೆ, ಜೋಪಾನ ಬೇರೆ. ಕಾರ್ಟೂನಿಸ್ಟರೇ ಕೂಡಿ ಕಟ್ಟಿಕೊಂಡ ಒಂದು ಸಂಸ್ಥೆಯ ಹೆಗಲಿಗೆ ಎಲ್ಲವನ್ನೂ ಹೊರಿಸಿ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು, ಪತ್ರಿಕಾ ಮಾಲೀಕರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಮೂಲಚಿತ್ರವನ್ನು ಯಾಕೆ ಕಾಪಾಡಬೇಕು? ಈ ಸಂಚಿಕೆಗೆಂದು ನಮ್ಮ ಕೈಗೆ ಬಂದ ಒಂದು ಹಳೆಯ ರಟ್ಟನ್ನು ನೋಡಿ. ಮಂತ್ರಿಯ ಮೂಗಿನ ಮೇಲೆ ಬಿಳಿ ಬಣ್ಣ ಹಚ್ಚಿ ಮತ್ತೆ ಬರೆದಿದ್ದಾರೆ. ಮೊದಲ ಮೂಗು ಇನ್ನಷ್ಟು ಉದ್ದವಿತ್ತು. ಅಡಿಬರಹವನ್ನು ಎರಡು ಸಲ ಹೊಡೆದುಹಾಕಿ, ಮೂರನೆಯ ಸಲ ನಾಲ್ಕೇ ಪದಕ್ಕೆ ಇಳಿಸಿದ್ದಾರೆ. ಅಂಚಿನಲ್ಲಿ ನೀಲಿ ಪೆನ್ಸಿಲಿನಲ್ಲಿ ಬ್ಲಾಕಿನ ಅಳತೆ: ಎರಡು ಕಾಲಂ. ಅಚ್ಚಾದ ಪುಟದಲ್ಲಿ ಇದ್ಯಾವುದೂ ಕಾಣದು. ಕವಿಯ ಹಸ್ತಪ್ರತಿಯಲ್ಲಿನ ಕಾಟುಗಳನ್ನು ಓದಿ ಪಿಎಚ್‌.ಡಿ. ಬರೆಯುವವರು ಇದನ್ನು ಮಾತ್ರ ಓದುವುದಿಲ್ಲ. ಸತುವಿನ ಬ್ಲಾಕು ಮಾಡಿಸಿದ ಮೇಲೆ ಇಂಥ ರಟ್ಟುಗಳು ಬ್ಲಾಕಿನಂಗಡಿಯಲ್ಲೋ ಕಚೇರಿಯ ಡ್ರಾಯರಿನಲ್ಲೋ ಬಿದ್ದಿದ್ದು, ಕೊನೆಗೆ ರದ್ದಿಯವನ ತಕ್ಕಡಿಗೆ ಹೋದವು.

ನಮ್ಮ ಒತ್ತಾಯ ಇಷ್ಟು. ಯಾದವಗಿರಿಯ ಮನೆಯಲ್ಲಿ ಒಂದು ಕೋಣೆ ಲಕ್ಷ್ಮಣ್ ಅವರಿಗೆ ಮೀಸಲಾಗಲಿ. ಕನ್ನಡದ ಪತ್ರಿಕಾ ಸಂಸ್ಥೆಗಳು ತಮ್ಮ ಗೋದಾಮು ತೆರೆದು ಉಳಿದಿರುವ ಮೂಲಚಿತ್ರಗಳ ಪಟ್ಟಿ ಮಾಡಲಿ. ವ್ಯಂಗ್ಯಚಿತ್ರಕಾರರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅಟ್ಟದ ಮೇಲಿನ ಟ್ರಂಕನ್ನು ರದ್ದಿಗೆ ಹಾಕುವ ಮುಂಚೆ ನಮಗೊಂದು ಕಾಗದ ಬರೆಯಿರಿ. ನಾವೇ ಬಂದು ಪ್ರತಿ ಮಾಡಿಸಿಕೊಂಡು ಮೂಲವನ್ನು ನಿಮ್ಮ ಕೈಗೇ ಒಪ್ಪಿಸುತ್ತೇವೆ.