ಎತ್ತಿನ ಹಲ್ಲೂ ಪ್ರಜೆಯ ಹಲ್ಲೂ

ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಮುಂದೆ ಹೋದರೆ ಘಾಟಿ ಸುಬ್ರಹ್ಮಣ್ಯ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿ ನೆರೆಯುವ ದನಗಳ ಜಾತ್ರೆಯನ್ನು ಕಂಡವರು ಬಲ್ಲರು: ಎತ್ತು ಕೊಳ್ಳುವ ರೈತ ಬೆಲೆಯ ಮಾತೆತ್ತುವ ಮೊದಲು ಅದರ ಬಾಯಿ ಬಿಡಿಸಿ ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದನ್ನು ತಿಳಿಯದೆ ಅವನು ಹಣದ ಗಂಟು ಬಿಚ್ಚುವುದಿಲ್ಲ. ನಮ್ಮ ಸರ್ಕಾರಗಳಿಗೆ ಪ್ರಜೆಗಳ ವಿಷಯದಲ್ಲಿ ಅಷ್ಟು ಕುತೂಹಲವೂ ಇಲ್ಲವೆಂಬುದು ನನ್ನ ದೂರು.

ಈ ದೇಶದಲ್ಲಿ ಜಾನುವಾರು ಗಣತಿ 1919ರಲ್ಲಿ ಆರಂಭವಾಯಿತು. 2024ರ ಅಕ್ಟೋಬರಿನಲ್ಲಿ 21ನೆಯದಕ್ಕೆ ಚಾಲನೆ ದೊರೆಯಿತು. ಜನಗಣತಿಯ ಕೆಲಸಕ್ಕೆ ಉಪಾಧ್ಯಾಯರಾದ ನಾವೇ ಹೋಗುತ್ತಿದ್ದೆವು. 2010ರ ಮನೆಪಟ್ಟಿಯಲ್ಲಿ ರೇಡಿಯೋ, ಟಿ.ವಿ., ಸೈಕಲ್ಲು ಎಲ್ಲವನ್ನೂ ಕೇಳಿ ಬರೆದುಕೊಂಡೆವು. ಆದರೆ ಪ್ರಜೆಗಳ ಬಾಯಿ ತೆರೆಸಿ ನೋಡಿದ ರಾಷ್ಟ್ರೀಯ ಸಮೀಕ್ಷೆ ಎಂದಾಗ ಇಂದಿಗೂ ಉಲ್ಲೇಖವಾಗುವುದು ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ್ದೇ. ಅದರ ಪ್ರಕಾರ 35ರಿಂದ 44 ವರ್ಷದವರಲ್ಲಿ ಸುಮಾರು ಶೇ. 80 ಮಂದಿಗೆ ದಂತಕ್ಷಯವಿತ್ತು. ಆಗ ಹುಟ್ಟಿದ ಮಕ್ಕಳು ಇಂದು ಮತದಾರರು.

“ಮುಪ್ಪು ಬಂದರೆ ಹಲ್ಲು ಬೀಳುತ್ತದೆ ಮೇಷ್ಟ್ರೇ, ಅದರಲ್ಲಿ ಅಳೆಯುವುದೇನು?” ಎನ್ನುವವರು ಬಹಳ. ಅವರಿಗೆ ನನ್ನ ಉತ್ತರ ಇಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರಲ್ಲಿ ವಯಸ್ಕರ ಹಲ್ಲುಗಳನ್ನು ಮೊದಲ ಬಾರಿಗೆ ಸಮೀಕ್ಷೆ ಮಾಡಿದಾಗ ಶೇ. 37 ಮಂದಿಯ ಬಾಯಲ್ಲಿ ಒಂದೂ ಸ್ವಂತ ಹಲ್ಲಿರಲಿಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಅಳೆಯುತ್ತ ಬಂದರು. 2009ರಲ್ಲಿ ಇಂಗ್ಲೆಂಡಿನಲ್ಲಿ ಅಂಥವರು ಶೇ. 6 ಮಾತ್ರ. ಆ ನಾಲ್ಕು ದಶಕಗಳಲ್ಲಿ ಅಲ್ಲಿ ಮುಪ್ಪು ಬರುವುದೇನೂ ನಿಂತಿರಲಿಲ್ಲ.

ನಮ್ಮಲ್ಲಿ ಅಳತೆಯ ಜಾಗದಲ್ಲಿ ಕೂತಿರುವುದು ವಿತರಣೆಯ ಲೆಕ್ಕ. 2014ರಲ್ಲಿ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದು ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲಾರಂಭಿಸಿತು. ಒಳ್ಳೆಯ ಕೆಲಸವೇ. ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ಬಲ್ಲ ಯಾರೂ ಅದನ್ನು ಹಳಿಯಲಾರರು. ಆದರೆ ಎಷ್ಟು ಸೆಟ್ಟು ಹಂಚಿದೆವೆಂಬುದು ಆರೋಗ್ಯದ ಅಳತೆಯಲ್ಲ. ಆ ಹಲ್ಲುಗಳು ಯಾವ ವಯಸ್ಸಿನಲ್ಲಿ, ಏತರಿಂದ ಹೋದವು? ಹುಳುಕಿನಿಂದಲೋ, ವಸಡಿನ ರೋಗದಿಂದಲೋ? ಇದನ್ನು ತಿಳಿಯದೆ ಮುಂದಿನವರ ಹಲ್ಲು ಉಳಿಸುವುದು ಹೇಗೆ?

ಶಿಬಿರಗಳ ಲೆಕ್ಕವೂ ಹಾಗೆಯೇ. ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಶಾಮಿಯಾನ ಹಾಕಿದರೆ ಬರುವವರು ಬಿಡುವಿದ್ದವರು, ಇಲ್ಲವೇ ನೋವು ತಾಳಲಾರದವರು. ಪೀಣ್ಯದ ಕಾರ್ಖಾನೆಗೆ ದಿನಗೂಲಿಗೆ ಹೋದವನು ಬರಲಾರ. ಮನೆಪಾಠಕ್ಕೆ ಬಂದ ಹುಡುಗರನ್ನಷ್ಟೇ ನೋಡಿ ಇಡೀ ತರಗತಿಯ ಮಟ್ಟ ಹೇಳಿದಂತೆ ಅದು.

ಇನ್ನು ತಜ್ಞರ ಅಳತೆಗೋಲಿನ ಬಗ್ಗೆಯೂ ಒಂದು ಮಾತು. 1938ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡಿ.ಎಂ.ಎಫ್.ಟಿ. ಎಂಬ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. ಹುಳುಕಾದ ಹಲ್ಲು, ಹುಳುಕಿನಿಂದ ಹೋದ ಹಲ್ಲು, ಸಿಮೆಂಟು ತುಂಬಿಸಿದ ಹಲ್ಲು, ಮೂರನ್ನೂ ಕೂಡಿಸಿ ಒಂದು ಅಂಕಿ. ಹತ್ತು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಂಡು ಹಾಯಾಗಿ ಅಗಿಯುವ ಸದಾಶಿವನಗರದ ಶ್ರೀಮಂತನಿಗೂ 10. ಹತ್ತು ಹುಳುಕು ಹಲ್ಲಿಟ್ಟುಕೊಂಡು ಲವಂಗ ಕಚ್ಚಿ ರಾತ್ರಿ ಕಳೆಯುವ ಗಾರೆ ಕೆಲಸದವನಿಗೂ 10! ದಶಕಗಟ್ಟಲೆ ಅಂಕಪಟ್ಟಿ ಬರೆದ ನನಗೆ ಒಟ್ಟು ಅಂಕಗಳ ಈ ಮೋಸ ಹೊಸದಲ್ಲ. ವಸಡಿನ ರೋಗವಾಗಲಿ, ಬಾಗೇಪಲ್ಲಿ, ಪಾವಗಡದ ಕಡೆಯ ಫ್ಲೋರೈಡ್ ನೀರು ಕುಡಿದು ಕಂದುಗಟ್ಟಿದ ಹಲ್ಲಾಗಲಿ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಅವಕ್ಕೆ ಬೇರೆ ಅಳತೆಗಳೇ ಬೇಕು.

ಆ ಸಮೀಕ್ಷೆ ಆರಿಸಿಕೊಂಡ ವಯಸ್ಸುಗಳಾದರೂ ಯಾವುವು? ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಂತೆ 5, 12, 15; ಆಮೇಲೆ 35–44, 65–74. ಬೇರೆ ದೇಶಗಳೊಡನೆ ಹೋಲಿಸಲು ಅನುಕೂಲ, ನಿಜ. ಆದರೆ ಗುಟ್ಕಾ ಅಭ್ಯಾಸ ಬೇರೂರುವ ಇಪ್ಪತ್ತರ ಹರೆಯವೂ, ಸಕ್ಕರೆ ಕಾಯಿಲೆ ವಸಡನ್ನು ಸಡಿಲಿಸುವ ಐವತ್ತರ ಪ್ರಾಯವೂ ಜಾಲರಿಯಿಂದ ಜಾರಿಹೋದವು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅದರಿಂದ ಯುವಕರ ಬಾಯಿಗೆ ಏನು ಒಳಿತಾಯಿತೆಂದು 2002–03ರ ಅಂಕಿಗಳು ಹೇಳಲಾರವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಬಾಯಿ ಕ್ಯಾನ್ಸರಿನ ತಪಾಸಣೆಗೆ ಎಂದಾದರೂ ಒಳಗಾಗಿದ್ದೇವೆ ಎಂದವರು 30ರಿಂದ 49ರ ಗಂಡಸರಲ್ಲಿ ಶೇ. 1.2, ಹೆಂಗಸರಲ್ಲಿ ಶೇ. 0.9.

ಅದೇ ಸಮೀಕ್ಷೆಯವರು ಮನೆಬಾಗಿಲಿಗೆ ಬಂದು ರಕ್ತದೊತ್ತಡ ಅಳೆದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಆ ಚೀಲದಲ್ಲಿ ಒಂದು ಬಾಯಿಗನ್ನಡಿಗೆ ಜಾಗವಿಲ್ಲವೆ? ನೋಡುವವರಿಗೂ ಬರವಿಲ್ಲ. ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ. ನಮ್ಮ ಮತ್ತೀಕೆರೆಯ ಬಳಿ ಒಂದು, ಹುಣಸಮಾರನಹಳ್ಳಿಯಲ್ಲಿ ಇನ್ನೊಂದು. ಕೊನೆಯ ವರ್ಷದ ತರಬೇತಿಯಲ್ಲಿರುವ ತರುಣರನ್ನು ಐದು ವರ್ಷಕ್ಕೊಮ್ಮೆ, ಚೀಟಿಯೆತ್ತಿ ಆರಿಸಿದ ಮನೆಗಳಿಗೆ ಕಳುಹಿಸಲಿ. ಕೂಲಿಯವರು ಮನೆಗೆ ಮರಳಿದ ಮೇಲೆ, ಸಂಜೆ ಹೋಗಲಿ. ಹುಳುಕು, ಬಿದ್ದದ್ದು, ತುಂಬಿಸಿದ್ದು ಬೇರೆ ಬೇರೆ ಅಂಕಣದಲ್ಲಿರಲಿ. ವಸಡಿಗೂ ಒಂದು ಅಂಕಣವಿರಲಿ. ಫಲಿತಾಂಶವನ್ನು ತಾಲ್ಲೂಕುವಾರು, ಕನ್ನಡದಲ್ಲಿ ಪ್ರಕಟಿಸಲಿ.